ತಲೆಗೆ ನೀರು ಹಾಕಿದ ಮೇಲೆ

ನಮ್ಮ ಕಡೆ ಆಗ ಯಾವ ಸಂಗತಿ ಹೇಳುವುದಿದ್ದರೂ ಕೆನಾಲನ್ನು ಹಿಡಿದೇ ಹೇಳುತ್ತಿದ್ದರು. ಇಂಥವಳ ಮದುವೆ ಆದದ್ದು ನೀರು ಬರುವ ಮುಂಚೆ, ಇಂಥವನ ಮಗ ಹುಟ್ಟಿದ್ದು ನೀರು ಬಂದ ಮೇಲೆ. ನಮ್ಮೂರು ಶಹಾಪುರದಿಂದ ಕೊಂಕಲ್ ಕಡೆಗೆ ಹೋಗುವ ದಾರಿಯಲ್ಲಿದೆ. ನಾರಾಯಣಪುರದಲ್ಲಿ ಬಿಟ್ಟ ನೀರು ನಡುವಿನ ಅಷ್ಟೂ ಊರುಗಳ ಹೊಲ ತೋಯಿಸಿ, ಉಳಿದರೆ ನಮಗೆ. ಉಳಿಯದಿದ್ದರೆ ಇಲ್ಲ. ಆದರೂ ಜೋಳದ ಹೊಲದಲ್ಲಿ ಮಡಿ ಕಟ್ಟಿ ನೆಲ್ಲು ಹಚ್ಚಲು ಶುರು ಮಾಡಿದ್ದೆವು. ಹಚ್ಚುವುದನ್ನು ಕಲಿಸಿದವರು ಆಂಧ್ರದಿಂದ ಬಂದು ಕ್ಯಾಂಪಿನಲ್ಲಿ ನೆಲೆಸಿದವರು. ಹೊಲದಲ್ಲಿ ನೆಲ್ಲು ಬಂದಿದ್ದರೂ ನಮ್ಮ ಗಂಗಾಳದಲ್ಲಿ ಇನ್ನೂ ರೊಟ್ಟಿಯೇ ಇತ್ತು. ಅನ್ನ ಅಂದರೆ ಹಬ್ಬಕ್ಕೆ, ಇಲ್ಲವೆ ಜಡ್ಡಾದವರಿಗೆ.

ನೀರು ನಿಂತ ತಿಂಗಳುಗಳಲ್ಲಿ ಕೆನಾಲು ಮಕ್ಕಳದಾಗುತ್ತಿತ್ತು. ಸಿಮೆಂಟಿನ ಇಳಿಜಾರಿಗೆ ಗೊಬ್ಬರದ ಖಾಲಿ ಚೀಲ ಹಾಸಿ, ಅದರ ಮೇಲೆ ಕೂತು, ಹಿಂದಿನವರು ನೂಕಿದರೆ ತಳದ ಒಣ ಕೆಸರಿನವರೆಗೂ ಜಾರುತ್ತಿದ್ದೆವು. ಕಾದ ಸಿಮೆಂಟಿನ ವಾಸನೆ, ಚೀಲದ ಯೂರಿಯಾ ವಾಸನೆ, ತಳದಲ್ಲಿ ಸತ್ತುಬಿದ್ದ ಮೀನಿನ ವಾಸನೆ ಎಲ್ಲ ಬೆರೆತು ಲಂಗಕ್ಕೆ ಅಂಟಿರುತ್ತಿದ್ದವು. ಅಕ್ಕ ಜಾರುತ್ತಿರಲಿಲ್ಲ. ದಂಡೆಯ ಮೇಲೆ ಜಾಲಿಯ ನೆರಳಲ್ಲಿ ಕೂತು ಬಾಯಿಂದಲೇ ಆಡುತ್ತಿದ್ದಳು.

"ಲೇ ಶರಣಿ, ಚೀಲ ಹರದದ ನೋಡು. ಇನ್ನೊಂದ ಸಲ ಜಾರಿದ್ರ ಕುಂಡಿ ಹರೀತದ. ಅವ್ವಗ ನಾ ಏನ ಹೇಳ್ಲಿ, ಅರ್ಧ ಮಗಳನ್ನ ಕರ್ಕೊಂಡ ಬಂದೀನಿ ಅಂತೇನ?"

ಶರಣಿ ಅಂದರೆ ನಾನು. ಆಗ ಐದನೆಯ ತರಗತಿ. ಅಕ್ಕನ ಹೆಸರು ಭೀಮಬಾಯಿ. ಅವಳಿಗೆ ಹದಿನೇಳು ತುಂಬಿರಲಿಲ್ಲ. ಅವಳು ನನ್ನಷ್ಟಿದ್ದಾಗ ಒಂದು ಜ್ವರ ಬಂದಿತ್ತಂತೆ. ಇಂದು ಮೊಣಕಾಲು ಬಾತರೆ ನಾಳೆ ಅದು ಇಳಿದು ಮೊಣಕೈ ಬಾಯುತ್ತಿತ್ತಂತೆ. ಬಾವು ಇಳಿಯಿತು, ಜ್ವರವೂ ಬಿಟ್ಟಿತು. ಆದರೆ ಅಲ್ಲಿಂದ ಮುಂದೆ ಕೊಡ ಹೊತ್ತು ತಂದರೆ ಹೊಸ್ತಿಲ ಹತ್ತಿರ ಬಂದು ಸ್ವಲ್ಪ ಹೊತ್ತು ನಿಂತುಬಿಡುತ್ತಿದ್ದಳು. "ಅಕಿ ಎದಿ ತೆಳ್ಳಗದ" ಎನ್ನುತ್ತಿದ್ದಳು ಅವ್ವ. ಹೀಗಾಗಿ ನೀರು ತರುವುದು ನನ್ನ ಪಾಲಿಗೆ ಬಂತು, ರೊಟ್ಟಿ ಬಡಿಯುವುದು ಅವಳ ಪಾಲಿಗೆ. ಅವಳು ಬಡಿಯುವ ರೊಟ್ಟಿ ಚಂದ್ರನ ಹಾಗೆ ದುಂಡಗೆ ಇರುತ್ತಿತ್ತು ಎಂದು ನಾನು ಹೇಳಿದರೆ ಅದು ತಂಗಿಯ ಅಭಿಮಾನವಲ್ಲ. ಓಣಿಯ ಹೆಂಗಸರು ನೋಡಿ ಕಲಿಯಲಿ ಎಂದು ತಮ್ಮ ಹೊಸ ಸೊಸೆಯರನ್ನು ನಮ್ಮ ಮನೆಗೆ ಕಳಿಸುತ್ತಿದ್ದರು. ಅವರಿಗೆಲ್ಲ ಅವಳು ಕಲಿಸಿದ್ದಕ್ಕಿಂತ ನಗಿಸಿದ್ದೇ ಹೆಚ್ಚು.

ಆ ವರ್ಷ ಪಂಚಮಿಯಲ್ಲಿ ಶೇಂಗಾ ಉಂಡಿ ಕಡಿಯುವಾಗ ಅಕ್ಕನ ದವಡೆಯ ಹಲ್ಲು ಸೀಳಿತು. ಒಸಡು ಬಾತು, ಕೀವು ತುಂಬಿ, ಗಲ್ಲ ಒಂದು ಕಡೆ ಎದ್ದುಬಂತು. ಅಪ್ಪನ ತಮ್ಮ, ನಮ್ಮ ಕಾಕಾ, ಅವಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ಶಹಾಪುರದ ಸಂತೆಗೆ ಹೋದ. ಅಲ್ಲಿ ಚಾಪೆಯ ಮೇಲೆ ಕೂತು ಹಲ್ಲು ಕೀಳುವ ಒಬ್ಬನಿದ್ದ. ಇಕ್ಕಳದಿಂದ ಕಿತ್ತು, ಲವಂಗದೆಣ್ಣೆಯಲ್ಲಿ ಅದ್ದಿದ ಅರಳೆ ತುರುಕಿ ಕಳಿಸಿದ. ಅಕ್ಕ ಹಲ್ಲನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದು ನನಗೆ ತೋರಿಸಿದಳು.

"ನೋಡು, ನನ್ನ ಬಾಯಾಗ ಕೂತು ನನ್ನ ಮಾತ ಕೇಳಿ ಕೇಳಿ ಸಾಕಾಗಿ ಸತ್ತದ, ಪಾಪ."

ಗಲ್ಲದ ಬಾವು ಇಳಿಯಿತು. ಹಲ್ಲನ್ನು ಎಲ್ಲರೂ ಮರೆತೆವು.

ನೆಲ್ಲು ಹಚ್ಚಿ ಮುಗಿದ ಮೇಲೆ ಅವಳಿಗೆ ಜ್ವರ ಬರತೊಡಗಿತು. ದನ ಮನೆಗೆ ಬರುವ ಹೊತ್ತಿಗೆ ಚಳಿ. ಎರಡು ಕೌದಿ ಹೊದ್ದರೂ ಹಲ್ಲು ಕಟಕಟ. ಆಮೇಲೆ ಬೆವರು. ಆ ಬೆವರಿಗೆ ನೆನೆದ ಕೌದಿಯ ಹುಳಿ ವಾಸನೆ ಮನೆಯ ತುಂಬ. ಬೆಳಿಗ್ಗೆ ಎದ್ದರೆ ಆರಾಮ. ಊರಲ್ಲಿ ಇದಕ್ಕೊಂದು ಹೆಸರು ಮೊದಲೇ ಇತ್ತು, ಕೆನಾಲ್ ಜ್ವರ. ನೀರು ಬಂತು, ನೀರಿನ ಜೊತೆ ಸೊಳ್ಳೆ ಬಂದವು, ಸೊಳ್ಳೆಯ ಜೊತೆ ಮಲೇರಿಯಾ. ಯಾರಿಗೆ ಚಳಿಜ್ವರ ಬಂದರೂ ಅದೇ ಎಂದು ಎಲ್ಲರಿಗೂ ಗೊತ್ತಿತ್ತು. ಕೇಳುವ ಅಗತ್ಯವಿರಲಿಲ್ಲ. ಬೆರಳಿಗೆ ಚುಚ್ಚಿ ಗಾಜಿನ ತುಣುಕಿನ ಮೇಲೆ ರಕ್ತ ಒಯ್ಯುವವನು ಬಂದು ಒಯ್ದ, ಕಹಿ ಗುಳಿಗೆ ಕೊಟ್ಟ. ಜ್ವರ ಎರಡು ದಿನ ಬಿಟ್ಟು ಮತ್ತೆ ಬಂತು. ಮತ್ತೆ ಗುಳಿಗೆ. ಹೀಗೆ ನಡೆಯಿತು. ಅಕ್ಕ ಸೊರಗಿದಳು, ಬಳೆಗಳು ಮೊಣಕೈವರೆಗೂ ಸರಿಯುತ್ತಿದ್ದವು. ಒಂದು ದಿನ ಅವಳ ತಲೆ ಬಾಚುವಾಗ ಅವಳ ಉಗುರುಗಳ ಕೆಳಗೆ ಸಣ್ಣ ಕೆಂಪು ಗೀರುಗಳನ್ನು ಕಂಡೆ. ಜೋಳದ ದಂಟಿನ ಸಿಬರು ಹೊಕ್ಕರೆ ಹಾಗೆ ಕಾಣುತ್ತದೆ. ಅವ್ವನಿಗೆ ತೋರಿಸಿದೆ. ಅವ್ವ ಸೂಜಿಯಿಂದ ತೆಗೆಯಲು ನೋಡಿದಳು. ಅಲ್ಲಿ ಸಿಬರೇನೂ ಇರಲಿಲ್ಲ.

ದಸರೆಯ ಸೂಟಿಗೆ ಸ್ವಲ್ಪ ಮುಂಚೆ ಅವಳನ್ನು ಗುಲಬರ್ಗಾಕ್ಕೆ ಒಯ್ದರು. ಮನೆಯಲ್ಲಿ ಒಬ್ಬಳೇ ಇರಲಾರೆ ಎಂದು ನನ್ನನ್ನೂ. ಅಲ್ಲಿಯ ಡಾಕ್ಟರಮ್ಮ ಅಕ್ಕನ ಎದೆಗೆ ನಳಿಗೆ ಇಟ್ಟು ತುಂಬ ಹೊತ್ತು ಕೇಳಿದರು. ಮತ್ತೆ ಕೈ ಹಿಡಿದು ಉಗುರುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಸಣ್ಣಾಕಿದ್ದಾಗ ಕೀಲು ಬಾತಿದ್ದವೇನು?"

"ಹೌದ್ರಿ" ಎಂದಳು ಅವ್ವ.

"ಈಗ ಇತ್ತೀಚಿಗೆ ಹಲ್ಲು ಗಿಲ್ಲು ಕೀಳಿಸಿದ್ರೇನು?"

ಅವ್ವ, ಅಪ್ಪ ಒಬ್ಬರ ಮುಖ ಒಬ್ಬರು ನೋಡಿದರು. "ಹಲ್ಲಿಗೂ ಎದಿಗೂ ಏನ ಸಂಬಂಧ್ರಿ ತಾಯಿ?" ಎಂದ ಅಪ್ಪ.

ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ಹೃದಯದೊಳಗೆ ರಕ್ತ ಹಿಂದಕ್ಕೆ ಬಾರದಂತೆ ತಡೆಯುವ ಬಾಗಿಲುಗಳಿರುತ್ತವೆ. ಆ ಹಳೆಯ ಕೀಲುಜ್ವರದಲ್ಲಿ ಇವಳ ಒಂದು ಬಾಗಿಲು ಕೆಟ್ಟಿದೆ. ಹಲ್ಲಿನ ಬುಡದ ಕ್ರಿಮಿ ರಕ್ತಕ್ಕಿಳಿದು, ಆ ಕೆಟ್ಟ ಬಾಗಿಲ ಮೇಲೆ ಹೋಗಿ ಕೂತಿದೆ. ಅಲ್ಲೇ ಬೆಳೆಯುತ್ತಿದೆ.

"ಅಂದ್ರ ಕೆನಾಲ್ ಗೇಟಿಗೆ ಪಾಚಿ ಕಟ್ಟಿದಂಗ್ರಿ" ಎಂದ ನಮ್ಮ ಜೊತೆ ಬಂದಿದ್ದ ಕಾಕಾ.

"ಹಂಗೇ ತಿಳ್ಕೋರಿ. ಪಾಚಿ ಕಿತ್ತು ಹರಿದು ಹೋದ್ರ ಎಲ್ಲಿ ಹೋಗಿ ಸಿಗ್ತದೋ ಹೇಳಾಕ ಬರಂಗಿಲ್ಲ. ಮಿದುಳಿಗೂ ಹೋಗಬಹುದು. ಒಂದೂವರೆ ತಿಂಗಳು ದಿನಾ ನರಕ್ಕ ಸೂಜಿ ಆಗಬೇಕು. ನಡುವ ಬಿಡಂಗಿಲ್ಲ."

ಅಪ್ಪ ತಲೆಯಾಡಿಸಿದ. ಎಲ್ಲರೂ ತಲೆಯಾಡಿಸಿದೆವು. ಇದನ್ನು ಬರೆಯುವಾಗಲೂ ನನಗೆ ಅನ್ನಿಸುವುದು ಅದೇ. ನಮಗೆ ಹೇಳದೆ ಇರಲಿಲ್ಲ. ನಮಗೆ ತಿಳಿಯದೆಯೂ ಇರಲಿಲ್ಲ.

ಸೂಜಿ ಶುರುವಾದ ಮೇಲೆ ಜ್ವರ ಇಳಿಯುತ್ತ ಬಂದು, ಒಂದು ವಾರ ಕಳೆಯುವಷ್ಟರಲ್ಲಿ ಪೂರ್ತಿ ನಿಂತಿತು. ಅಕ್ಕ ಎದ್ದು ಕೂತಳು. ವಾರ್ಡಿನಲ್ಲಿ ಫಿನಾಯಿಲ್ ವಾಸನೆ, ಉದ್ದ ಕಿಟಕಿ, ಹೊರಗೆ ಬ್ರೆಡ್ಡು ಮಾರುವವನ ಕೂಗು. ಪಕ್ಕದ ಮಂಚದ ಮುದುಕಿಗೆ ಅಕ್ಕ ದಿನಾ ಒಂದು ಕತೆ ಹೇಳುತ್ತಿದ್ದಳು, ಅರ್ಧ ಹೇಳಿ ಉಳಿದದ್ದನ್ನು ನಾಳೆಗೆ ಇಡುತ್ತಿದ್ದಳು. ಕೈಯಲ್ಲಿ ನರ ಸಿಗದೆ ಎರಡು ಮೂರು ಕಡೆ ಚುಚ್ಚಿದ ನರ್ಸಿಗೆ ಕೇಳಿದಳು:

"ಅಕ್ಕಾರ, ನನ್ನ ಕೈ ಏನ ಬೋರ್‌ವೆಲ್ ಅಂತ ತಿಳ್ಕೊಂಡೀರೇನ್ರಿ? ಎಲ್ಲಿ ಬೇಕಲ್ಲಿ ಹೊಡದ ನೋಡಾಕತ್ತೀರಿ?"

ನರ್ಸು ನಗುತ್ತ ಸೂಜಿ ಕೆಳಗಿಟ್ಟು, ನಗು ನಿಂತ ಮೇಲೆ ಮತ್ತೆ ಹಿಡಿದಳು.

ಊರಿಗೆ ಹೋಗಿದ್ದ ಕಾಕಾ ಆ ಹೊತ್ತಿಗೆ ಮರಳಿ ಬಂದ. ಮೇಲಿನ ಕೆನಾಲಿಗೆ ನೀರು ಬಿಟ್ಟಿದ್ದಾರೆ, ನಾಲ್ಕು ದಿನದಲ್ಲಿ ನಮ್ಮ ಪಾಳಿ. ನೆಲ್ಲು ಹೊಡೆ ತುಂಬಿ ನಿಂತಿದೆ, ಈ ಒಂದು ನೀರು ಸಿಕ್ಕರೆ ತೆನೆ, ಇಲ್ಲದಿದ್ದರೆ ಹುಲ್ಲು. ಕೆನಾಲಿನ ಬಾಲದ ತುದಿಯ ಊರಿನ ಪಾಳಿ ಅಂದರೆ ನೀರು ತಾನಾಗಿ ಬರುವುದಲ್ಲ. ಕೆನಾಲಿನ ಉದ್ದಕ್ಕೂ ಮನುಷ್ಯರು ನಿಲ್ಲಬೇಕು. "ತೂಬಿನ ಹಂತ್ಯಾಕ ನಮ್ಮವ್ರು ಇಲ್ಲಂದ್ರ ಮ್ಯಾಲಿನವರು ಕಲ್ಲ ಇಟ್ಟ ನೀರ ತಿರುಗಿಸಿಬಿಡ್ತಾರ, ಅಣ್ಣಾ. ನಾ ಒಬ್ಬನ ಎಲ್ಲಿ ಎಲ್ಲಿ ನಿಲ್ಲಲಿ?"

ಅಪ್ಪ ಹೋಗಲೇಬೇಕಿತ್ತು. ಅಪ್ಪ ಹೋದರೆ ವಾರ್ಡಿನಲ್ಲಿ ಅವ್ವ ಒಬ್ಬಳೇ. ಅವಳಿಗೆ ಓದು ಬಾರದು; ರಕ್ತದ ಪರೀಕ್ಷೆಗೆ ಎಲ್ಲಿಗೆ ಓಡಬೇಕು, ಔಷಧಿ ಎಲ್ಲಿಂದ ತರಬೇಕು ಯಾವುದೂ ತಿಳಿಯದು. ಎರಡು ಹೆಣ್ಣುಮಕ್ಕಳ ಜೊತೆ ಅವಳನ್ನು ಪಟ್ಟಣದಲ್ಲಿ ಬಿಟ್ಟು ಹೋಗುವುದನ್ನು ಅಪ್ಪ ಯೋಚಿಸಲೂ ಇಲ್ಲ. ಅವನು ಡಾಕ್ಟರಮ್ಮನ ಮುಂದೆ ಹೋಗಿ ನಿಂತ. ನಾನು ಅವನ ಧೋತರದ ಪಕ್ಕದಲ್ಲೇ ಇದ್ದೆ.

"ನಾಕ ದಿನ ಮನಿಗೆ ಕರ್ಕೊಂಡ ಹೋಗಿ ಬರ್ತೀವ್ರಿ. ನೀರ ಕಟ್ಟಿ ತಿರುಗಿ ತಂದ ಬಿಡ್ತೀನಿ."

"ಜ್ವರ ಇಳಿದದ, ಜಡ್ಡು ಇಳಿದಿಲ್ಲ. ಕೆನಾಲಿಗೆ ನೀರು ಮತ್ತ ಬರ್ತದಲ್ಲ?"

"ಇಲ್ರಿ ತಾಯಿ. ಈ ನೀರ ಮತ್ತ ಬರಂಗಿಲ್ಲ."

ಅದು ಸುಳ್ಳಲ್ಲ. ಡಾಕ್ಟರಮ್ಮ ಅಕ್ಕನ ಕಡೆ ನೋಡಿದರು. ಅಕ್ಕ, "ನೀರ ನೋಡಿ ಬಂದಬಿಡ್ತೀನ್ರಿ ಡಾಕ್ಟರಮ್ಮ. ಬರೂವಾಗ ನಿಮಗ ನಾಕ ರೊಟ್ಟಿ ಬಡಕೊಂಡ ತರ್ತೀನಿ. ನೀವು ಬ್ರೆಡ್ ತಿಂದ ತಿಂದ ಸಣ್ಣಾಗೀರಿ" ಎಂದಳು. ಅವರು ನಗಲಿಲ್ಲ. ಸೂಜಿಗೆ ಇದು ಸಮವಲ್ಲ ಎಂದು ಎರಡೆರಡು ಸಲ ಹೇಳಿ, ನಾಲ್ಕು ದಿನಕ್ಕೆ ಗುಳಿಗೆ ಕೊಟ್ಟರು.

ಊರಿಗೆ ಬಂದ ಮರುದಿನ ಅವ್ವ ಅಕ್ಕನ ತಲೆಗೆ ನೀರು ಹಾಕಿದಳು.

ನನ್ನ ವಯಸ್ಸಿನವರಿಗೆ ಇದು ನೆನಪಿರುತ್ತದೆ. ಜ್ವರ ಇರುವಷ್ಟು ದಿನ ತಲೆಗೆ ನೀರು ಮುಟ್ಟಿಸುತ್ತಿರಲಿಲ್ಲ. ಬಿಟ್ಟ ಮೇಲೆ ಒಂದು ಒಳ್ಳೆಯ ವಾರ ನೋಡಿ, ಹಂಡೆಯಲ್ಲಿ ಬೇವಿನ ಸೊಪ್ಪು ಹಾಕಿ ಕಾಯಿಸಿ, ಅರಿಸಿನ ಹಚ್ಚಿ ತಲೆಗೆರೆಯುತ್ತಿದ್ದರು. ಅಲ್ಲಿಗೆ ಜಡ್ಡು ಮುಗಿಯಿತು. ಹಾಸಿದ್ದು, ಹೊದ್ದದ್ದು ಎಲ್ಲ ಹಳ್ಳಕ್ಕೆ ಒಗೆಯಲು. ಉಳಿದ ಔಷಧಿ ಮನೆಯಲ್ಲಿ ಇಡುತ್ತಿರಲಿಲ್ಲ. ಇಟ್ಟರೆ ಹೋದ ಜಡ್ಡಿಗೆ ದಾರಿ ತೋರಿಸಿದಂತೆ. ಅವ್ವ ಅಂದು ನಡೆಸಿದ್ದೂ ಅಷ್ಟೇ. ತನ್ನ ತಾಯಿ ತನಗೆ ಮಾಡಿದ್ದನ್ನು ಮಗಳಿಗೆ ಮಾಡಿದಳು. ಬೇವಿನ ಕಹಿ ಹಬೆ ಬಚ್ಚಲಿಂದ ಪಡಸಾಲೆಗೆ ಬಂತು. ಅಕ್ಕ ಒಳಗಿಂದ ಕೂಗುತ್ತಿದ್ದಳು, "ಬಿಸಿ ಬಿಸಿ! ಯವ್ವಾ, ನಾ ಮಗಳಿದೀನಿ, ಕೋಳಿ ಅಲ್ಲ!" ಆಮೇಲೆ ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿದು ಒಣಗಿಸಿದರು. ಗೋಧಿ ರವೆ, ಬೆಲ್ಲದ ಸಜ್ಜಕ ಆಗಿತ್ತು; ಮೇಲೆ ತುಪ್ಪ. ಉಳಿದಿದ್ದ ಗುಳಿಗೆಗಳನ್ನು ಅವ್ವ ಉಪ್ಪು ಮೆಣಸಿನಕಾಯಿಯ ಜೊತೆ ಅಕ್ಕನ ಮುಖಕ್ಕೆ ಇಳಿತೆಗೆದು ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟು ಬರಲಿಲ್ಲ. ದೃಷ್ಟಿ ಇತ್ತು, ಹೋಯಿತು ಎಂದರು.

ನೀರು ಮಾತ್ರ ಹೇಳಿದ ದಿನಕ್ಕೆ ಬರಲಿಲ್ಲ. ಮೇಲೆಲ್ಲೋ ಕೆನಾಲು ಒಡೆದಿದೆ, ಕಟ್ಟುತ್ತಿದ್ದಾರೆ ಎಂದು ಸುದ್ದಿ. ಇಂದು ಎಂದರು, ನಾಳೆ ಎಂದರು. ಹೋಗುವ ಗಡುವು ಮುಗಿದ ದಿನ ಅಪ್ಪ ಊಟಕ್ಕೆ ಕೂತವನು ಅವ್ವನನ್ನು ಕೇಳಿದ:

"ದವಾಖಾನಿಗೆ ಹೋಗೂದಲ್ಲೇನ?"

"ಯಾಕ? ತಲಿಗೆ ನೀರ ಹಾಕೀವಲ್ಲ. ಇನ್ನ ಸೂಜಿ ಚುಚ್ಚಿಸಿದ್ರ, ಹ್ವಾದ ಜಡ್ಡನ್ನ ಚಾ ಕುಡಿಯಾಕ ಬಾ ಅಂತ ಕರದಂಗ."

ಅಪ್ಪ ರೊಟ್ಟಿ ಮುರಿದ. ಪುಂಡಿಪಲ್ಯ ಇನ್ನಷ್ಟು ಕೇಳಿದ. ಆ ಮಾತು ಅಲ್ಲಿಗೆ ಮುಗಿಯಿತು. ಅಕ್ಕ ಒಲೆಯ ಮುಂದೆ ಕೂತಿದ್ದಳು, ಅವಳ ಕೆನ್ನೆಗೆ ಬಣ್ಣ ಬಂದಿತ್ತು. ಆರಾಮಾಗಿದ್ದವಳನ್ನು ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು.

ನೀರು ಬಂದದ್ದು ಒಂದು ಬೆಳಿಗ್ಗೆ. ಅಪ್ಪ, ಕಾಕಾ ಹಿಂದಿನ ಸಂಜೆಯಿಂದಲೇ ತೂಬಿನ ಹತ್ತಿರ ಇದ್ದರು. ಅವ್ವ ಒಡ್ಡು ಒಡೆಯದಂತೆ ನೋಡಲು ಹೊಲಕ್ಕೆ ಹೋಗಿದ್ದಳು. ಮನೆಯಲ್ಲಿ ನಾನು ಮತ್ತು ಅಕ್ಕ. ಅವಳು ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಹೊಸ್ತಿಲಲ್ಲಿ ಕೂತು ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತಿದ್ದೆ. ಹೊರಗೆ ಹುಡುಗರು ಕೆನಾಲಿನ ದಂಡೆ ಹಿಡಿದು ಕೂಗುತ್ತ ಓಡಿದರು. "ನೀರ ಬಂತು! ನೀರ ಬಂತು!" ಕಾಕಾ ಬುತ್ತಿ ಒಯ್ಯಲು ಬಂದ. ತೊಡೆಯವರೆಗೂ ಕೆಸರು, ಮುಖದ ತುಂಬ ನಗು.

"ಭೀಮಿ, ನೀರ ಬಂತವ್ವ!"

"ಬಂತು" ಎಂದಳು ಅಕ್ಕ.

ರೊಟ್ಟಿ ಬಡಿಯುವ ಸದ್ದು ಬೇರೆಯಾಗಿತ್ತು. ಒಂದು ಏಟು ಜೋರು, ಒಂದು ಮೆಲ್ಲಗೆ. ಕಾಕಾ ಬುಟ್ಟಿಯಲ್ಲಿದ್ದ ಮೇಲಿನ ರೊಟ್ಟಿ ಎತ್ತಿ ನೋಡಿದ. ಒಂದು ಕಡೆ ದಪ್ಪ, ಒಂದು ಕಡೆ ಹರಿದು ಬಾಲ ಬಂದಿತ್ತು.

"ಏನಿದು, ರೊಟ್ಟೇನ, ಕೆನಾಲಿನ ನಕ್ಷೇನ? ನೋಡ ಶರಣಿ, ಇಲ್ಲಿ ಸುರಪುರ, ಇಲ್ಲಿ ತಿಂಥಣಿ, ಈ ಬಾಲದ ತುದೀಗೆ ನಮ್ಮೂರು."

ನಾನು ನಕ್ಕೆ. ಅಕ್ಕನೂ ನಕ್ಕಳು. ಅವಳ ನಗು ಎಡಗಡೆ ಮಾತ್ರ ಏರಿತು.

"ಬಂತು" ಎಂದಳು.

"ಬಂತ ಬಂತು. ಕಟ್ಟು ಜಲ್ದಿ, ನಿಮ್ಮಪ್ಪ ಹಸದಾನ."

"ಬಂತು. ಬಂತು."

ಕಾಕಾ ಅವಳು ಅಣಕಿಸುತ್ತಿದ್ದಾಳೆ ಎಂದು ತಿಳಿದ. ಅವಳು ಅಣಕಿಸುತ್ತಿದ್ದದ್ದೂ ಹಾಗೇ. ಅವನು ಹಿತ್ತಲಿಗೆ ಹೋಗಿ ಕಾಲಿಗೆ ನೀರು ಹಾಕಿಕೊಳ್ಳುತ್ತ ಅಲ್ಲಿಂದಲೇ ಏನೋ ಹೇಳುತ್ತಿದ್ದ. ನನಗೆ ಸುಟ್ಟ ವಾಸನೆ ಬಂತು. ರೊಟ್ಟಿ ಸೀದಿದೆ ಎಂದುಕೊಂಡು ಒಲೆಯ ಕಡೆ ನೋಡಿದೆ. ಹಂಚಿನ ಮೇಲೆ ರೊಟ್ಟಿ ಇರಲಿಲ್ಲ. ಅಕ್ಕನ ಬಲಗೈ ಇತ್ತು. ಅಂಗೈ ಕೆಳಗಾಗಿ, ಬೆರಳು ಸಡಿಲಾಗಿ, ಮರೆತು ಇಟ್ಟ ವಸ್ತುವಿನ ಹಾಗೆ. ಅವಳು ಅದನ್ನು ನೋಡುತ್ತಿದ್ದಳು. ತೆಗೆಯಲಿಲ್ಲ. ಅವಳ ಮುಖದಲ್ಲಿ ನೋವಿರಲಿಲ್ಲ. ಅದು ಯಾರ ಕೈ ಎಂದು ಯೋಚಿಸುವವಳ ಮುಖವಿತ್ತು.

ನಾನು ಓಡಿಹೋಗಿ ಕೈ ಎಳೆದೆ. ಕಾಕಾನನ್ನು ಕೂಗಿದೆ. ಅಕ್ಕ ನನ್ನ ಮೇಲೆ ವಾಲಿದಳು.

ಕ್ಯಾಂಪಿನವರ ಟ್ರ್ಯಾಕ್ಟರಿನಲ್ಲಿ ಶಹಾಪುರ, ಅಲ್ಲಿಂದ ಜೀಪಿನಲ್ಲಿ ಗುಲಬರ್ಗಾ. ಊರ ಹೊರಗೆ ದಾರಿಯ ಬದಿಯ ಕಾಲುವೆಯಲ್ಲಿ ಕೆಂಪು ನೀರು ತುಂಬಿ ಹರಿಯುತ್ತಿತ್ತು. ಜನ ಅದನ್ನು ನೋಡಲು ನಿಂತಿದ್ದರು. ಟ್ರ್ಯಾಕ್ಟರಿನಲ್ಲಿ ನಮ್ಮನ್ನು ಕಂಡು ಕೆಲವರು ಕೈ ಬೀಸಿದರು. ಅವ್ವ ಹೊಲದಿಂದ ಬಂದು ಹತ್ತಿದಳು, ಅಪ್ಪ ತೂಬು ಬಿಟ್ಟು ಅಡ್ಡ ಓಡಿಬಂದು ಹತ್ತಿಕೊಂಡ. ಕಾಕಾನನ್ನು ನೀರಿನ ಹತ್ತಿರ ಕಳಿಸಿದ. ದವಾಖಾನೆ ಮುಟ್ಟುವಷ್ಟರಲ್ಲಿ ಅಪ್ಪನ ಕಾಲಿನ ಕೆಸರು ಒಣಗಿ ಬಿರಿದಿತ್ತು. ಅವನು ನಡೆದಲ್ಲೆಲ್ಲ ವಾರ್ಡಿನ ನೆಲಕ್ಕೆ ಹೆಂಟೆ ಉದುರಿದವು. ಆಯಾ ಗುಡಿಸಿದಳು, ಅವನು ನಡೆದ, ಅವಳು ಮತ್ತೆ ಗುಡಿಸಿದಳು.

ಡಾಕ್ಟರಮ್ಮ ಬಯ್ಯಬಹುದು ಎಂದು ನಾನು ಕಾಯುತ್ತಿದ್ದೆ. ಅವರು ಅಕ್ಕನ ಕಣ್ಣು, ಕೈ, ಕಾಲು ಪರೀಕ್ಷಿಸಿ, ಎದೆಗೆ ನಳಿಗೆ ಇಟ್ಟು ಕೇಳಿ, ಅವ್ವನ ಕಡೆ ತಿರುಗಿದರು.

"ಗುಳಿಗಿ ಯಾವಾಗ ನಿಲ್ಲಿಸಿದ್ರಿ?"

"ತಲಿಗೆ ನೀರ ಹಾಕಿದ ದಿನ್ರಿ."

ಅವರಿಗೆ ತಿಳಿಯಲಿಲ್ಲ. ಅವ್ವ ಬಿಡಿಸಿ ಹೇಳಿದಳು. ಹಂಡೆ, ಬೇವು, ಅರಿಸಿನ, ಒಲೆಗೆ ಹಾಕಿದ ಗುಳಿಗೆ ಎಲ್ಲವನ್ನೂ, ಯಾವುದನ್ನೂ ಬಿಡದೆ. ಡಾಕ್ಟರಮ್ಮ ಪೂರ್ತಿ ಕೇಳಿದರು. ಆಮೇಲೆ ಮಂಚದ ಸರಳು ಹಿಡಿದು ನಿಂತರು.

"ಜಳಕ ಮಾಡಿಸಬ್ಯಾಡ್ರಿ ಅಂತ ನಾ ಹೇಳಬೇಕಾಗಿತ್ತು" ಎಂದರು. "ನನಗ ಹೊಳೀಲಿಲ್ಲ."

ಬಾಗಿಲ ಮೇಲಿನ ಆ ಪಾಚಿಯ ಒಂದು ಚೂರು ಕಿತ್ತು ಮಿದುಳಿನ ನರಕ್ಕೆ ಹೋಗಿ ಸಿಕ್ಕಿತ್ತು. ಬಲಗೈ, ಬಲಗಾಲು, ಮಾತು ಹೋಗಿದ್ದವು. ಈ ಸಲ ಒಂದೂವರೆ ತಿಂಗಳ ಸೂಜಿಯೂ ಆಯಿತು, ಒಂದೂ ತಪ್ಪಲಿಲ್ಲ. ಅಪ್ಪ ಹಗಲೆಲ್ಲ ವಾರ್ಡಿನ ಬಾಗಿಲಲ್ಲಿ ಕೂತಿರುತ್ತಿದ್ದ. ಕ್ರಿಮಿ ಸತ್ತವು. ಆದರೆ ಅಷ್ಟರಲ್ಲಿ ಬಾಗಿಲು ಹರಿದಿತ್ತು. ಹೃದಯ ಮುಂದಕ್ಕೆ ದೂಡಿದ ರಕ್ತದಲ್ಲಿ ಒಂದಿಷ್ಟು ಪ್ರತಿಸಲವೂ ಹಿಂದಕ್ಕೆ ಬರುತ್ತಿತ್ತು. ಹೈದರಾಬಾದಿನಲ್ಲಿ ಎದೆ ತೆರೆದು ಹೊಸ ಬಾಗಿಲು ಕೂರಿಸುತ್ತಾರೆ ಎಂದರು. ಅಪ್ಪ ಕರೆದುಕೊಂಡು ಹೋದ. ಅಲ್ಲಿಯವರು, ಈಗ ತಡೆದುಕೊಳ್ಳುವ ಶಕ್ತಿ ಇಲ್ಲ, ಮೈ ಹತ್ತಲಿ, ಬೇಸಿಗೆ ಕಳೆದು ಬನ್ನಿ ಎಂದು ಕಳಿಸಿದರು.

ನಮ್ಮ ನೆಲ್ಲು ಆ ವರ್ಷ ಚೆನ್ನಾಗಿ ಬಂತು. ಕಾಕಾ ನೀರು ತಪ್ಪಿಸಿರಲಿಲ್ಲ. ಚೀಲಗಳು ಪಡಸಾಲೆಯ ಗೋಡೆಯುದ್ದಕ್ಕೂ ನಿಂತವು. ಮಲಗಿದರೆ ಉಸಿರು ಕಟ್ಟುತ್ತಿದ್ದ ಅಕ್ಕನನ್ನು ಆ ಚೀಲಗಳಿಗೆ ಒರಗಿಸಿ ಕೂರಿಸುತ್ತಿದ್ದೆವು. ಅವಳು ಕೂತೇ ನಿದ್ದೆ ಮಾಡುತ್ತಿದ್ದಳು. ಅವಳಿಗೆ ಉಪ್ಪು ಬಂದ್. ಹೀಗಾಗಿ ಮನೆಯಲ್ಲಿ ಎಲ್ಲರಿಗೂ ಉಪ್ಪಿಲ್ಲದ ಬೇಳೆ, ಉಪ್ಪಿಲ್ಲದ ಪಲ್ಯ. ರೊಟ್ಟಿ ಅವ್ವ ಬಡಿಯುತ್ತಿದ್ದಳು.

ಅಕ್ಕನಿಗೆ ಉಳಿದಿದ್ದ ಮಾತು ಒಂದೇ. ಹಸಿವಾದರೆ "ಬಂತು". ಬೇಡವಾದರೆ "ಬಂತು". ಬಾಯಾರಿಕೆ, ನೋವು, ಕಾಗೆ, ನಾನು, ಎಲ್ಲವೂ "ಬಂತು". ಬೇರೆ ಹೇಳಬೇಕೆಂದು ಬಾಯಿ ತೆರೆಯುತ್ತಿದ್ದಳು; ತುಟಿ ಬೇರೆಯದಕ್ಕೇ ತಯಾರಾಗುತ್ತಿತ್ತು; ಹೊರಗೆ ಬರುತ್ತಿದ್ದುದು ಅದೇ. ಕೇಳಿಸಿಕೊಂಡು ಅವಳೇ ಬೆಚ್ಚುತ್ತಿದ್ದಳು. ಮೊದಮೊದಲು ಅತ್ತಳು, ಆಮೇಲೆ ಅಳುವುದನ್ನೂ ಬಿಟ್ಟಳು. ಶಾಲೆಯಿಂದ ಬಂದು ನಾನು ಎದುರಿಗೆ ಕೂತು ಆ ದಿನ ಆದದ್ದನ್ನೆಲ್ಲ ಹೇಳುತ್ತಿದ್ದೆ. ಅವಳು ಕೇಳಿ, ನಗುವ ಜಾಗದಲ್ಲಿ ಅರ್ಧ ನಗುತ್ತಿದ್ದಳು. ಹರಳಿನಾಟ ಆಡುತ್ತಿದ್ದೆವು. ಅವಳು ಎಡಗೈಯಿಂದ ಹರಳು ಮೇಲೆ ಎಸೆದು, ಕೆಳಗಿನದನ್ನು ಎತ್ತುವಷ್ಟರಲ್ಲಿ ಎಸೆದದ್ದು ಬೀಳುತ್ತಿತ್ತು. ಮತ್ತೆ ಎಸೆಯುತ್ತಿದ್ದಳು.

ಬೇಸಿಗೆಯಲ್ಲಿ ಕಾಲು ಬಾತವು. ಬೆರಳಿಟ್ಟು ಒತ್ತಿದರೆ ಗುಣಿ ಬಿದ್ದು ಹಾಗೇ ಇರುತ್ತಿತ್ತು. ಒಂದು ಮಧ್ಯಾಹ್ನ, ಕೆನಾಲು ಒಣಗಿದ್ದ ಸಮಯ, ಹೊರಗೆ ಮಕ್ಕಳು ಚೀಲ ಹಿಡಿದು ಹೋಗುತ್ತಿದ್ದರು. ನಾನು ಹೋಗಿರಲಿಲ್ಲ. ಅವ್ವ ಅಕ್ಕನ ಪಾದ ತನ್ನ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಅಕ್ಕ ಚೀಲಕ್ಕೆ ಒರಗಿ ನನ್ನ ಕಡೆ ನೋಡುತ್ತಿದ್ದಳು. ನೋಡುತ್ತಲೇ ಇದ್ದಳು. ನಾನು ಪಕ್ಕಕ್ಕೆ ಸರಿದೆ. ಅವಳ ಕಣ್ಣು ಸರಿಯಲಿಲ್ಲ.

"ಅವ್ವಾ, ಅಕ್ಕ ನನ್ನ ನೋಡವಲ್ಲಳು."

ಅವ್ವ ತಲೆ ಎತ್ತಲಿಲ್ಲ. ಆ ಪಾದಕ್ಕೆ ಎಣ್ಣೆ ತಿಕ್ಕುವುದನ್ನು ಮುಗಿಸಿದಳು. ಇನ್ನೊಂದನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಅದಕ್ಕೂ ತಿಕ್ಕಿದಳು.

ಅಕ್ಕ ಹೋದ ಆ ದಿನ ನಾನು ಅತ್ತ ನೆನಪಿಲ್ಲ. ಪಕ್ಕದ ಮನೆಯವರು ಕರೆದು ಅನ್ನ, ಸಾರು ಹಾಕಿದರು, ಉಪ್ಪು ಹಾಕಿದ ಸಾರು. ಎರಡು ಸಲ ಹಾಕಿಸಿಕೊಂಡು ಉಂಡೆ. ಅದು ರುಚಿಯಾಗಿತ್ತು ಎಂಬುದು ಮಾತ್ರ ಚೆನ್ನಾಗಿ ನೆನಪಿದೆ.

ಇದೆಲ್ಲ ಆಗಿ ಬಹಳ ವರ್ಷವಾಯಿತು. ಅಪ್ಪ ತೀರಿಕೊಂಡ; ಆ ಪಾಳಿಯ ಮಾತನ್ನು ಬದುಕಿರುವವರೆಗೂ ಅವನು ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಹೊಲದ ಅರ್ಧ ಭಾಗ ನೀರು ಕುಡಿದು ಕುಡಿದು ಸವಳಾಗಿ ಬೆಳ್ಳಗೆ ಬಿದ್ದಿದೆ. ಊರಲ್ಲಿ ಈಗ ರೊಟ್ಟಿ ಅಂಗಡಿಯಿಂದ ತರುತ್ತಾರೆ, ಎಲ್ಲ ಒಂದೇ ಅಳತೆಯವು. ಜ್ವರ ಬಿಟ್ಟವರ ತಲೆಗೆ ನೀರು ಹಾಕುವ ದಿನವನ್ನು ನಮ್ಮ ಮನೆಯಲ್ಲಿ ಅಲ್ಲಿಂದ ಮುಂದೆ ಯಾರೂ ನೋಡಲಿಲ್ಲ. ನಮ್ಮಷ್ಟಕ್ಕೆ ನಾವು ಯಾವಾಗಲೋ ಸ್ನಾನ ಮಾಡುತ್ತಿದ್ದೆವು. ಕೀಲುಜ್ವರ ಬಂದ ಮಕ್ಕಳಿಗೆ ತಿಂಗಳಿಗೊಂದು ಸೂಜಿ ಹಾಕುತ್ತ ಹೋದರೆ ಅದು ಮರಳದಂತೆ ತಡೆಯಬಹುದು, ಹಲ್ಲು ಕೀಳಿಸುವ ಮುಂಚೆ ಅಂಥವರಿಗೆ ಔಷಧಿ ಕೊಡಬೇಕು ಎಂಬುದೆಲ್ಲ ನನಗೆ ತಿಳಿದದ್ದು ದೊಡ್ಡವಳಾದ ಮೇಲೆ.

ಅವ್ವ ಯಾದಗಿರಿಯಲ್ಲಿ ನನ್ನ ಜೊತೆ ಇದ್ದಾಳೆ. ಅಕ್ಕನ ಒಂದು ಫೋಟೋ ಕೂಡ ಇಲ್ಲ. ಇದ್ದಿದ್ದರೆ ಮುಖವಾದರೂ ಇರುತ್ತಿತ್ತು. ಹೋದ ತಿಂಗಳು ಮಧ್ಯಾಹ್ನ ನಾನು ಅವರೆಕಾಯಿ ಸುಲಿಯುತ್ತಿದ್ದೆ. ಅವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು:

"ಶರಣಿ, ಅಕಿ ದನಿ ಹೆಂಗಿತ್ತು?"

ಯಾರದು ಎಂದು ನಾನು ಕೇಳಲಿಲ್ಲ.

"ಮೊದಲಿಂದು" ಎಂದಳು ಅವ್ವ. "ಆಮ್ಯಾಲಿಂದು ಅಲ್ಲ. ಅದು ಗೊತ್ತದ ನನಗ. ಮೊದಲಿಂದು ಹೋಗಿಬಿಟ್ಟದ. ನಿನಗ ನೆನಪದ ಏನ?"

ಅವಳು ಆಡಿದ ಮಾತುಗಳು ನನಗೆ ನೆನಪಿವೆ, ಇಲ್ಲಿ ಬರೆದಿದ್ದೇನೆ. ದನಿ ಎಂದೋ ಹೋಗಿದೆ. ತೆಳ್ಳಗಿತ್ತೋ, ದಪ್ಪಗಿತ್ತೋ, ಒಡೆದಿತ್ತೋ, ಗೊತ್ತಿಲ್ಲ.

"ನೆನಪದ" ಎಂದೆ.

"ಹಂಗಾರ ಒಂದೀಟ ಆಡಿ ತೋರ್ಸು."

ನಾನು ಕೈಯಲ್ಲಿದ್ದ ಕಾಯಿ ಕೆಳಗಿಟ್ಟೆ. "ಲೇ ಶರಣಿ, ಚೀಲ ಹರದದ ನೋಡು" ಎಂದೆ. ಅದು ನನ್ನದೇ ದನಿ, ಐವತ್ತು ಹತ್ತಿರ ಬಂದ ಹೆಂಗಸಿನದು.

ಅವ್ವ ಕಣ್ಣು ತೆರೆಯಲಿಲ್ಲ.

"ಹ್ಞಾಂ" ಎಂದಳು. "ಹಂಗೇ ಇತ್ತು. ಇನ್ನೊಂದ ಸಲ ಅನ್ನು."